ಅಪ್‌ಡೇಟ್: ವಾಲಿಬಾಲ್ ಆಡುವ ಮಗಳಿಗೆ ಕಾಲೇಜು ಸಿಕ್ಕಿತು

ದ್ವಿತೀಯ ಪಿಯುಸಿ ಮುಗಿಸಿದ ಮಗಳು ವಾಲಿಬಾಲ್ ಬಿಡದೆ ಪದವಿ ಓದಲು ಬೆಂಗಳೂರಿಗೆ ಹೋಗಬೇಕೇ, ಕಲಬುರಗಿಯಲ್ಲೇ ಸೇರಬೇಕೇ ಎಂದು ಯಾದಗಿರಿಯಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಆಕೆ ಕಲಬುರಗಿಯ ಮಹಿಳಾ ಕಾಲೇಜೊಂದರಲ್ಲಿ ಬಿ.ಎ.ಗೆ ಸೇರಿದ್ದಾಳೆ.

ಸಂಜೆ ಅಭ್ಯಾಸದ ಹೊತ್ತಿಗೇ ಹೋಗಿ ನೋಡಿ ಎಂದು ನಿಮ್ಮಲ್ಲೊಬ್ಬರು ಕೊಟ್ಟ ಸಲಹೆಯೇ ನಿರ್ಣಾಯಕವಾಯಿತು. ನಾವು ನೋಡಿದ ಇನ್ನೊಂದು ಕಾಲೇಜಿನಲ್ಲಿ ನೆಟ್ ಪುರುಷರ 2.43 ಮೀಟರ್ ಎತ್ತರದಲ್ಲೇ ಇತ್ತು, ಹುಡುಗಿಯರಿಗೆ ಪ್ರತ್ಯೇಕ ಸಮಯವೂ ಇರಲಿಲ್ಲ. ಇಲ್ಲಿಯಾದರೋ ದೈಹಿಕ ಶಿಕ್ಷಣ ನಿರ್ದೇಶಕರು ಸ್ವತಃ ಅಳತೆ ಹಿಡಿದು ಮಹಿಳೆಯರ 2.24 ಮೀಟರ್ ಎತ್ತರಕ್ಕೆ ನೆಟ್ ಕಟ್ಟಿಸಿ, ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ್ತಿ) ಆಗಿರುವ ಮಗಳಿಂದ ಅಟ್ಯಾಕರ್‌ಗಳಿಗೆ (ಹೊಡೆಯುವವರಿಗೆ) ಮತ್ತೆ ಮತ್ತೆ ಚೆಂಡು ಎತ್ತಿಸಿ, ಆಕೆಯ ಬೆರಳುಗಳ ಹಿಡಿತವನ್ನು ಅಲ್ಲೇ ತಿದ್ದಿದರು.

ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿ ತೋರಿಸಿದವರಿಗೆ ವಿಶ್ವವಿದ್ಯಾಲಯದ ತಂಡದ ದಾರಿ ತೆರೆಯುವುದರಿಂದ, ಹೆಸರುವಾಸಿ ತಂಡದ ಬೆಂಚಿನಲ್ಲಿ ಕೂರುವುದಕ್ಕಿಂತ ಮೊದಲ ವರ್ಷದಿಂದಲೇ ಅಂಕಣಕ್ಕಿಳಿಯುವುದು ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಪಂದ್ಯಗಳಿಗೆ ಹೋದ ದಿನಗಳ ಹಾಜರಾತಿಯ ಕುರಿತು ಪ್ರಾಂಶುಪಾಲರಿಂದ ಬರವಣಿಗೆಯಲ್ಲೇ ಒಪ್ಪಿಗೆ ಪಡೆದಿದ್ದೇವೆ. ನೀವೂ ಇದನ್ನು ಬಾಯಿಮಾತಿಗೆ ಬಿಡಬೇಡಿ. ಅಭ್ಯಾಸ ಮುಗಿಸಿ ತಡವಾಗಿ ಬರುವವರಿಗೆ ರೊಟ್ಟಿ, ಪಲ್ಯ ತೆಗೆದಿರಿಸಲು ಹಾಸ್ಟೆಲ್ ವಾರ್ಡನ್ ಕೂಡ ಒಪ್ಪಿದ್ದಾರೆ.