ಕಾರ್ನ್‌ವಾಲ್ ಕ್ಷೇತ್ರಗಳ ಗಡಿ: ಟೇಮರ್ ದಾಟಿಸೋ ವಿಚಾರ ನಿಜಕ್ಕೂ ಮುಗಿದಿದ್ಯಾ?

ಬ್ಯೂಡ್_ಬೆಳ್ಳಿಮೋಡ ಬರೆದಿದ್ದು:

ಎಲ್ರಿಗೂ ನಮಸ್ಕಾರ. ಕೆಲಸದ ಮೇಲೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕೌಂಟಿಯ (ಇಲ್ಲಿ ಜಿಲ್ಲೆಗೆ ಕೌಂಟಿ ಅಂತಾರೆ) ಬ್ಯೂಡ್ ಊರಿಗೆ ಬಂದು ಇಲ್ಲೇ ನೆಲೆ ನಿಂತಿದ್ದೀವಿ, ನಮ್ಮದು ನಾರ್ತ್ ಕಾರ್ನ್‌ವಾಲ್ ಕ್ಷೇತ್ರ. 2024ರ ಜುಲೈ ಎಲೆಕ್ಷನ್‌ನಲ್ಲಿ ಮೊದಲ ಸಲ ಇಲ್ಲಿ ವೋಟ್ ಹಾಕಿದೆ. (ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ವಾಸ ಇದ್ರೆ ಪಾರ್ಲಿಮೆಂಟ್ ಎಲೆಕ್ಷನ್‌ಗೆ ವೋಟ್ ಹಾಕ್ಬೋದು, ಇನ್ನೂ ಹೆಸರು ಸೇರಿಸದೇ ಇರೋರು ದಯವಿಟ್ಟು ಸೇರಿಸ್ಕೊಳ್ಳಿ.)

ನನ್ನ ಪ್ರಶ್ನೆ ಏನಂದ್ರೆ, ಇಲ್ಲಿ ಹಳಬರ ಹತ್ರ ರಾಜಕೀಯ ಮಾತಾಡಿದಾಗೆಲ್ಲ "ಡೆವನ್‌ವಾಲ್" ಅನ್ನೋ ಮಾತು ಬಂದೇ ಬರತ್ತೆ. ಅಂದ್ರೆ ನಮ್ಮ ಬ್ಯೂಡ್‌ನ, ಗಡಿಯಾಗಿರೋ ಟೇಮರ್ ನದಿ ಆಚೆ ಡೆವನ್ ಕೌಂಟಿಯ ಬಿಡಿಫರ್ಡ್ ಜೊತೆ ಸೇರಿಸಿ ಒಂದೇ ಕ್ಷೇತ್ರ ಮಾಡ್ಬೇಕು ಅಂತ ಒಂದು ಪ್ಲಾನ್ ಇತ್ತಂತೆ, ಅದು ಆಗ್ಲಿಲ್ಲ, ಆದ್ರೂ ಜನಕ್ಕೆ ಆ ಸಿಟ್ಟು ಇನ್ನೂ ಇದೆ. ಯಾಕೆ ಹಾಗೆ ಮಾಡೋಕೆ ಹೊರಟಿದ್ರು, ಯಾಕೆ ನಿಂತುಹೋಯ್ತು, ಮತ್ತೆ ಬರೋ ಚಾನ್ಸ್ ಇದ್ಯಾ? ಇನ್ನೊಂದು, ಒಬ್ಬ ಎಂಪಿ ಎರಡು ಕೌಂಟಿ ನೋಡ್ಕೊಂಡ್ರೆ ಜನಕ್ಕೆ ದಿನನಿತ್ಯದಲ್ಲಿ ಏನು ತೊಂದ್ರೆ ಅಂತ ನನಗಿನ್ನೂ ಸರಿಯಾಗಿ ಅರ್ಥ ಆಗಿಲ್ಲ, ಗೊತ್ತಿರೋರು ಬಿಡಿಸಿ ಹೇಳಿ.

---

ನಕ್ಷೆಗಾರ ಬರೆದಿದ್ದು:

ಒಳ್ಳೇ ಪ್ರಶ್ನೆ ಕೇಳಿದ್ರಿ. ಇದರ ಬೇರು ಇರೋದು ಲೆಕ್ಕದಲ್ಲಿ, ಆದ್ರಿಂದ ಲೆಕ್ಕದಿಂದಲೇ ಶುರು ಮಾಡ್ತೀನಿ, ಸ್ವಲ್ಪ ಉದ್ದ ಆಗತ್ತೆ.

2011ರಲ್ಲಿ ಕಾನೂನು ಬದಲಾಯ್ತು. ಅದಕ್ಕೂ ಮುಂಚೆ ಕ್ಷೇತ್ರಗಳ ಗಡಿ ಗುರುತಿಸೋ ಬೌಂಡರಿ ಕಮಿಷನ್‌ನವರು ಕೌಂಟಿ ಗಡಿಯನ್ನ ಆದಷ್ಟು ಮುರೀತಿರಲಿಲ್ಲ, ಕ್ಷೇತ್ರಗಳ ಮತದಾರರ ಸಂಖ್ಯೆ ಹೆಚ್ಚುಕಮ್ಮಿ ಆದ್ರೂ ಸಹಿಸ್ಕೊಳ್ತಿದ್ರು. ಹೊಸ ಕಾನೂನು ಬಂದ್ಮೇಲೆ ಪ್ರತಿ ಕ್ಷೇತ್ರದ ಮತದಾರರ ಸಂಖ್ಯೆ ದೇಶದ ಸರಾಸರಿಗಿಂತ ಶೇಕಡಾ 5ಕ್ಕಿಂತ ಮೇಲೂ ಹೋಗಬಾರದು ಕೆಳಗೂ ಇಳೀಬಾರದು ಅಂತ ಕಡ್ಡಾಯ ಆಯ್ತು. ಕೌಂಟಿ ಗಡಿ, ಊರೂರಿನ ಸಂಬಂಧ, ಭೂಗೋಳ, ಹಳೇ ಕ್ಷೇತ್ರದ ಗಡಿ ಇವೆಲ್ಲ ಪರಿಗಣಿಸಬಹುದು, ಆದ್ರೆ ಈ ಶೇಕಡಾ 5ರ ಒಳಗೆ ಮಾತ್ರ. ಜೊತೆಗೆ ಆಗ ಒಟ್ಟು ಸೀಟುಗಳನ್ನ 650ರಿಂದ 600ಕ್ಕೆ ಇಳಿಸೋ ನಿರ್ಧಾರವೂ ಅದೇ ಕಾನೂನಲ್ಲಿತ್ತು.

ಸೀಟು ಕಮ್ಮಿ ಆದ್ರೆ ಸರಾಸರಿ ಮೇಲೇರತ್ತೆ ಅಲ್ವಾ, ಹಾಗಾಗಿ ಕಾರ್ನ್‌ವಾಲ್ ಮತ್ತು ಸಿಲಿ ದ್ವೀಪಗಳ ಒಟ್ಟು ಮತದಾರರು ಐದು ಸೀಟಿಗೆ ಜಾಸ್ತಿ, ಆರು ಸೀಟಿಗೆ ಕಮ್ಮಿ ಅನ್ನೋ ಸ್ಥಿತಿ ಬಂತು. ಮೂರು ಕಡೆ ಸಮುದ್ರ. ಉಳಿದಿರೋದು ಒಂದೇ ದಿಕ್ಕು, ಡೆವನ್. 2011ರಲ್ಲಿ "ಬಿಡಿಫರ್ಡ್ ಅಂಡ್ ಬ್ಯೂಡ್" ಅಂತ ಪ್ರಸ್ತಾವ ಬಂತು, ಅದು ಬಿದ್ದು ಹೋದ್ಮೇಲೆ 2016ರಲ್ಲಿ "ಬಿಡಿಫರ್ಡ್, ಬ್ಯೂಡ್ ಅಂಡ್ ಲಾನ್ಸ್‌ಟನ್" ಅಂತ ಮತ್ತೆ ಬಂತು.

ಮೊದಲನೇದು ಬಿದ್ದಿದ್ದು ಕಾರ್ನ್‌ವಾಲ್ ಮೇಲಿನ ಪ್ರೀತಿಯಿಂದ ಅಲ್ಲ. ಆಗಿನ ಸಮ್ಮಿಶ್ರ ಸರ್ಕಾರದಲ್ಲಿ ಹೌಸ್ ಆಫ್ ಲಾರ್ಡ್ಸ್ (ಪಾರ್ಲಿಮೆಂಟಿನ ಮೇಲ್ಮನೆ) ಸುಧಾರಣೆ ವಿಷಯದಲ್ಲಿ ಕನ್ಸರ್ವೇಟಿವ್‌ಗೂ ಲಿಬರಲ್ ಡೆಮಾಕ್ರಾಟ್‌ಗೂ ಜಗಳ ಆಗಿ 2013ರಲ್ಲಿ ಇಡೀ ಪ್ರಕ್ರಿಯೆನೇ ಮುಂದಕ್ಕೆ ಹಾಕಿದ್ರು. ಎರಡನೇದರ ವರದಿ 2018ರಲ್ಲಿ ಸರ್ಕಾರದ ಕೈ ಸೇರಿದ್ರೂ ಜಾರಿಗೆ ಬರಲಿಲ್ಲ. ಆಮೇಲೆ 2020ರ ಕಾನೂನು ಸೀಟುಗಳನ್ನ ಮತ್ತೆ 650ಕ್ಕೆ ತಂತು.

ಈಗಿನ ನಕ್ಷೆಗೆ ಆಧಾರ 2020ರ ಮಾರ್ಚ್ 2ರ ಮತದಾರರ ಪಟ್ಟಿ. ಸರಾಸರಿ 73,393, ಅಂದ್ರೆ ಕನಿಷ್ಠ 69,724, ಗರಿಷ್ಠ 77,062. ಇದನ್ನ ಗುಣಿಸಿ ನೋಡಿ: ಕೌಂಟಿಯೊಳಗೇ ಐದು ಸೀಟು ಕೂರ್ಬೇಕು ಅಂದ್ರೆ ಒಟ್ಟು ಮತದಾರರು 3.85 ಲಕ್ಷ ದಾಟಬಾರದು, ಆರು ಕೂರ್ಬೇಕು ಅಂದ್ರೆ 4.18 ಲಕ್ಷಕ್ಕಿಂತ ಕಮ್ಮಿ ಇರಬಾರದು. ನಡುವಿನ ಆ 33 ಸಾವಿರದ ಗುಂಡಿಗೆ ಬಿದ್ರೆ ಗಡಿ ದಾಟದೆ ಬೇರೆ ದಾರಿನೇ ಇಲ್ಲ, ಕಮಿಷನ್ ಬೇಕು ಅಂದ್ರೂ ಉಳಿಸೋಕೆ ಆಗಲ್ಲ. 2020ರ ಲೆಕ್ಕದಲ್ಲಿ ಕಾರ್ನ್‌ವಾಲ್ ಪಾಲು ಹೆಚ್ಚುಕಮ್ಮಿ ಆರು ಸೀಟಿಗೆ ಸರಿಯಾಗಿ ಬಂತು, ಅದಕ್ಕೇ ಆರೂ ಕ್ಷೇತ್ರ ಹಳೇ ಹೆಸರಲ್ಲೇ ಉಳ್ಕೊಂಡ್ವು, ಒಳಗಡೆ ಮಾತ್ರ ಒಂದಷ್ಟು ಗೆರೆ ಅತ್ತಿತ್ತ ಆಯ್ತು. ಅದೇ ಸಲ ಡೆವನ್ ಲೆಕ್ಕ ಕೂಡದೆ ಅದರ ಟಿವರ್ಟನ್‌ನ ಸಾಮರ್ಸೆಟ್‌ನ ಮೈನ್‌ಹೆಡ್ ಜೊತೆ ಹೊಲಿದ್ರು. ಅಂದ್ರೆ ಡೆವನ್ ಗಡಿ ಮುರೀತು, ಆದ್ರೆ ಪೂರ್ವದ ಕಡೆಗೆ.

ಕಾರ್ನ್‌ವಾಲ್ ಉಳಿದಿದ್ದು ಸಂಖ್ಯೆ ಕೂಡಿ ಬಂದಿದ್ದರಿಂದ, ಕಾನೂನಿನ ರಕ್ಷಣೆಯಿಂದ ಅಲ್ಲ. ನಿಮ್ಮ ಊರಿನ ಹಳಬರ ಚಿಂತೆಗೆ ಕಾರಣ ಇದೇ.

---

ಸವಿತಾ_ಸಾಲ್ಟ್ಯಾಶ್ ಬರೆದಿದ್ದು:

ನಕ್ಷೆಗಾರ ಸರ್ ಲೆಕ್ಕ ಚೆನ್ನಾಗಿ ಬಿಡಿಸಿದ್ರು, ಆದ್ರೆ ಜನ ಯಾಕೆ ಇಷ್ಟು ಹಚ್ಕೊಂಡಿದ್ದಾರೆ ಅನ್ನೋದನ್ನ ನಾನು ಹೇಳ್ತೀನಿ, ನಾವು ಟೇಮರ್ ದಡದಲ್ಲೇ ಇರೋದು. ಸೇತುವೆ ದಾಟಿದ್ರೆ ಡೆವನ್‌ನ ಪ್ಲಿಮತ್, ನಮ್ಮನೆಯವರು ದಿನಾ ಕೆಲಸಕ್ಕೆ ಹೋಗೋದು ಅಲ್ಲಿಗೇ. ಹಾಗಂತ ಸಾಲ್ಟ್ಯಾಶ್ ಜನ ತಾವು ಡೆವನ್‌ನವರು ಅಂತ ಯಾವತ್ತೂ ಒಪ್ಪಲ್ಲ.

2010ರಲ್ಲಿ, ಆ 2011ರ ಕಾನೂನು ಇನ್ನೂ ಮಸೂದೆಯಾಗಿ ಪಾರ್ಲಿಮೆಂಟಲ್ಲಿ ಇದ್ದಾಗ, ಇಲ್ಲೇ ಸಾಲ್ಟ್ಯಾಶ್‌ನಲ್ಲಿ ಕಪ್ಪು ಬಟ್ಟೆ ಮೇಲೆ ಬಿಳಿ ಶಿಲುಬೆಯ ಸೇಂಟ್ ಪಿರಾನ್ ಬಾವುಟ ಹಿಡ್ಕೊಂಡು ಸಭೆ ಮಾಡಿದ್ರು, ಬೇರೆ ಬೇರೆ ಪಕ್ಷದವರು ಒಟ್ಟಿಗೆ ನಿಂತಿದ್ರು. ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಅದು ಟೇಮರ್ ನದಿ ಅಷ್ಟೇ, ಅಮೆಜಾನ್ ಅಲ್ಲವಲ್ಲ ಅಂತ ಹೇಳಿಬಿಟ್ರು. ಆ ಒಂದು ಮಾತು ಇಲ್ಲಿನವರು ಇವತ್ತಿಗೂ ಮರೆತಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ, 2014ರಲ್ಲಿ, ಕಾರ್ನಿಶ್ (ಕಾರ್ನ್‌ವಾಲ್‌ನ ಮೂಲ) ಜನರನ್ನ ಅಲ್ಪಸಂಖ್ಯಾತರ ರಕ್ಷಣೆಗಿರೋ ಯುರೋಪಿನ ಚೌಕಟ್ಟು ಒಪ್ಪಂದದ ಅಡಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರು ಅಂತ ಸರ್ಕಾರವೇ ಒಪ್ಕೊಳ್ತು, ವೆಲ್ಷ್, ಸ್ಕಾಟಿಶ್, ಐರಿಷ್ ಜನರ ಸಾಲಿಗೆ. ಒಂದು ಕೈಲಿ ಮಾನ್ಯತೆ ಕೊಟ್ಟು ಎರಡೇ ವರ್ಷಕ್ಕೆ ಇನ್ನೊಂದು ಕೈಲಿ ಗಡಿ ದಾಟಿಸೋ ನಕ್ಷೆ ಬಂದ್ರೆ ಜನಕ್ಕೆ ಹೇಗನ್ನಿಸ್ಬೇಕು ಹೇಳಿ.

ಬ್ಯೂಡ್‌ನವರೇ, ನೀವು ದಿನನಿತ್ಯದ ತೊಂದ್ರೆ ಕೇಳಿದ್ರಲ್ಲ. 2009ರಿಂದ ಕಾರ್ನ್‌ವಾಲ್‌ಗೆ ಒಂದೇ ಕೌನ್ಸಿಲ್, ಹಳೇ ಆರು ಡಿಸ್ಟ್ರಿಕ್ಟ್ ಕೌನ್ಸಿಲ್ ತೆಗೆದುಹಾಕಿದ್ರು. ರಸ್ತೆ, ಶಾಲೆ, ಪ್ಲಾನಿಂಗ್, ವೃದ್ಧರ ಆರೈಕೆ, ಮನೆ ಹಂಚಿಕೆ ಎಲ್ಲಾ ಆ ಕೌನ್ಸಿಲ್ ಕಚೇರಿ ಇರೋ ಟ್ರೂರೋದಲ್ಲೇ ತೀರ್ಮಾನ ಆಗತ್ತೆ. ಬಿಡಿಫರ್ಡ್ ಕಡೆ ಡೆವನ್ ಕೌಂಟಿ ಕೌನ್ಸಿಲ್ ಬೇರೆ, ಅದರ ಕೆಳಗೆ ಟಾರಿಜ್ ಡಿಸ್ಟ್ರಿಕ್ಟ್ ಬೇರೆ. ಒಬ್ಬ ಎಂಪಿ ಮೂರು ಕೌನ್ಸಿಲ್ ಜೊತೆ ಗುದ್ದಾಡ್ಬೇಕು, ಎರಡು ಕೌಂಟಿ ಒಂದೇ ಹಣಕ್ಕೆ ಪೈಪೋಟಿಗೆ ಬಿದ್ರೆ ಆತ ಯಾರ ಪರ ಮಾತಾಡ್ಬೇಕು? ಈಗ ಆರು ಎಂಪಿಗಳು ಒಟ್ಟಿಗೆ ಕೂತು ಇದು ಕಾರ್ನ್‌ವಾಲ್ ಬೇಡಿಕೆ ಅಂತ ಕೇಳ್ಬೋದು, ಎರಡನೇ ಮನೆಗಳ ಸಮಸ್ಯೆ ಇರ್ಲಿ, ಮೀನುಗಾರಿಕೆ ಇರ್ಲಿ. ಆ ದನಿ ಒಡೆದು ಹೋಗತ್ತೆ ಅನ್ನೋದೇ ನಮ್ಮ ಆತಂಕ.

---

ಹಳೇಕಡತ ಬರೆದಿದ್ದು:

ಸವಿತಾ ಅವರೇ, ನಿಮ್ಮ ಭಾವನೆ ಬಗ್ಗೆ ಗೌರವ ಇದೆ, ಆದ್ರೂ ನಾನು ಇನ್ನೊಂದು ಕಡೆ ಹೇಳಲೇಬೇಕು. ಸಮಾನ ವೋಟಿನ ಬೆಲೆ ಏನು ಅಂತ ತಿಳ್ಕೊಳ್ಳೋಕೆ ಇಡೀ ಇಂಗ್ಲೆಂಡಲ್ಲಿ ಕಾರ್ನ್‌ವಾಲ್ ಚರಿತ್ರೆಗಿಂತ ಒಳ್ಳೇ ಪಾಠ ಇಲ್ಲ.

19ನೇ ಶತಮಾನದ ಶುರುವಲ್ಲಿ ಈ ಒಂದು ಕೌಂಟಿಯಿಂದ 44 ಜನ ಎಂಪಿಗಳು ಹೋಗ್ತಿದ್ರು. ಕೌಂಟಿಗೆ ಇಬ್ಬರು, 21 ಪಟ್ಟಣಗಳಿಗೆ ತಲಾ ಇಬ್ಬರು. ಹೆಚ್ಚಿನವು ಟ್ಯೂಡರ್ ಅರಸರ ಕಾಲದಲ್ಲಿ ಸೀಟು ಗಿಟ್ಟಿಸಿದ ಪುಟ್ಟ ಊರುಗಳು. ಈಸ್ಟ್ ಲೂ, ವೆಸ್ಟ್ ಲೂ ನೋಡಿದ್ದೀರಾ? ಒಂದೇ ನದಿಯ ಎರಡು ದಡ, ನಡುವೆ ಒಂದು ಸೇತುವೆ, ಎರಡೂ ಸೇರಿ ನಾಲ್ಕು ಜನ ಎಂಪಿಗಳು! ಮಿಚೆಲ್, ಬಾಸಿನಿ, ಸೇಂಟ್ ಮಾಸ್ ಇವೆಲ್ಲ ಇದೇ ಥರ, ಬೆರಳೆಣಿಕೆಯ ಮತದಾರರು, ಆ ಸೀಟು ಯಾರ ಜೇಬಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಅದೇ ಕಾಲಕ್ಕೆ ಮ್ಯಾಂಚೆಸ್ಟರ್‌ಗೆ, ಬರ್ಮಿಂಗ್‌ಹ್ಯಾಮ್‌ಗೆ ತಮ್ಮದೇ ಅಂತ ಒಬ್ಬ ಎಂಪಿನೂ ಇರಲಿಲ್ಲ. ಗ್ರಾಂಪೌಂಡ್ ಅನ್ನೋ ಊರಲ್ಲಂತೂ ಲಂಚ ಎಷ್ಟು ಬಹಿರಂಗ ಆಯ್ತು ಅಂದ್ರೆ 1821ರಲ್ಲಿ ಅದರ ಸೀಟುಗಳನ್ನ ಕಿತ್ತು ಯಾರ್ಕ್‌ಶೈರ್‌ಗೆ ಕೊಟ್ಟರು. 1832ರ ಸುಧಾರಣಾ ಕಾನೂನಿನ ನಂತರ ಕಾರ್ನ್‌ವಾಲ್‌ಗೆ ಉಳಿದಿದ್ದು 14. 1885ರಲ್ಲಿ 7, 1918ರಲ್ಲಿ 5, ಆಮೇಲೆ 2010ರಲ್ಲಿ ಜನಸಂಖ್ಯೆ ಬೆಳೆದಿದ್ದಕ್ಕೆ 6.

ಅಂದ್ರೆ ನಾನು ಹೇಳೋದು, ತಲೆ ಎಣಿಸಿ ಸೀಟು ಕೊಡೋ ನಿಯಮ ಯಾರೋ ಲಂಡನ್ ಅಧಿಕಾರಿ ಕಿರುಕುಳಕ್ಕೆ ಮಾಡಿದ್ದಲ್ಲ, ಅದನ್ನ ಪಡೆಯೋಕೆ ತಲೆಮಾರುಗಳೇ ಹೋರಾಡಿವೆ. ಗಡಿನೂ ಕಲ್ಲಲ್ಲಿ ಕೆತ್ತಿದ್ದಲ್ಲ, ನಾರ್ತ್ ಪೆಥರ್ವಿನ್, ವೆರಿಂಗ್ಟನ್ ಟೇಮರ್‌ನ ಪಶ್ಚಿಮಕ್ಕಿದ್ರೂ 1966ರವರೆಗೆ ಡೆವನ್‌ಗೆ ಸೇರಿದ್ವು. ಬ್ಯೂಡ್ ಜನ ದೊಡ್ಡ ಆಸ್ಪತ್ರೆ ಅಂದ್ರೆ ಡೆವನ್‌ನ ಬಾರ್ನ್‌ಸ್ಟಪಲ್ ಕಡೆ ಹೋಗ್ತಾರೆ, ಟ್ರೂರೋ ಅವರಿಗೆ ಇನ್ನೂ ದೂರ. ಜೀವನ ಗಡಿ ದಾಟಿಯೇ ನಡೀತಿದೆ.

---

ಸವಿತಾ_ಸಾಲ್ಟ್ಯಾಶ್ ಬರೆದಿದ್ದು:

ಸರ್, 44 ಸೀಟು ವಾಪಸ್ ಕೊಡಿ ಅಂತ ಯಾರೂ ಕೇಳ್ತಿಲ್ಲ. ತಲೆ ಎಣಿಸೋದು ಸರಿ, ಅದರ ಬಗ್ಗೆ ಜಗಳ ಇಲ್ಲ. ನನ್ನ ತಕರಾರು ವಿನಾಯಿತಿ ಹಂಚಿದ ರೀತಿ ಬಗ್ಗೆ. 2010ರ ಮಸೂದೆಯಲ್ಲಿ ಮೊದಲು ಸ್ಕಾಟ್ಲೆಂಡಿನ ದ್ವೀಪಗಳಿಗೆ ಮಾತ್ರ ವಿನಾಯಿತಿ ಇತ್ತು, ಅಂದ್ರೆ ಆರ್ಕ್ನಿ-ಶೆಟ್ಲೆಂಡ್ ಮತ್ತೆ ಪಶ್ಚಿಮದ ದ್ವೀಪಗಳು. ಐಲ್ ಆಫ್ ವೈಟ್ ಜನ ಸಮುದ್ರ ದಾಟಿ ನಮ್ಮನ್ನ ಹ್ಯಾಂಪ್‌ಶೈರ್‌ಗೆ ಕಟ್ಟಬೇಡಿ ಅಂತ ಗಟ್ಟಿಯಾಗಿ ನಿಂತ್ರು, ಲಾರ್ಡ್ಸ್‌ನಲ್ಲಿ ಬೆಂಬಲ ಸಿಕ್ತು, ಕಾನೂನಲ್ಲೇ ಎರಡು ಸೀಟು ಬರೆಸ್ಕೊಂಡ್ರು. ಒಂದು ಲಕ್ಷ ದಾಟಿದ ಮತದಾರರಿದ್ದು ದೇಶದಲ್ಲೇ ಅತಿ ದೊಡ್ಡ ಕ್ಷೇತ್ರ ಆಗಿತ್ತು ಅದು, 2024ರಲ್ಲಿ ಈಸ್ಟ್, ವೆಸ್ಟ್ ಅಂತ ಎರಡಾಯ್ತು, ಈಗ ಎರಡೂ ಸರಾಸರಿಗಿಂತ ತುಂಬಾ ಚಿಕ್ಕವು. 2020ರಲ್ಲಿ ವೇಲ್ಸ್‌ನ ಆಂಗಲ್‌ಸೀ ದ್ವೀಪವನ್ನೂ ಸೇರಿಸಿದ್ರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ಅವರು ಪಡೆದಿದ್ದು ನ್ಯಾಯವೇ. ಆದ್ರೆ ಐದು ಕಡೆ ಶೇಕಡಾ 5ರ ನಿಯಮ ಸಡಿಲಿಸಬಹುದು ಅಂದ್ರೆ ಕಾರ್ನ್‌ವಾಲ್‌ಗೆ ಆರು ಇಡೀ ಸೀಟು ಅಂತ ಒಂದು ಸಾಲು ಸೇರಿಸಿದ್ರೆ ಸಮಾನತೆ ಕೆಟ್ಟು ಹೋಗ್ತಿರಲಿಲ್ಲ.

ಆಸ್ಪತ್ರೆ ಗಡಿ ಆಚೆ ಇದೆ ಅನ್ನೋದು ನಿಜ. ಅಲ್ಲಿ ಚಿಕಿತ್ಸೆ ಪಡೆದವರು ಮನೆಗೆ ಬಂದ್ಮೇಲೆ ಆರೈಕೆ ವ್ಯವಸ್ಥೆ ಮಾಡ್ಬೇಕಾಗಿರೋದು ಕಾರ್ನ್‌ವಾಲ್ ಕೌನ್ಸಿಲ್. ಅಲ್ಲಿ ಎಡವಟ್ಟಾದಾಗ ಹಿಡಿದು ಕೇಳೋಕೆ ಇಲ್ಲಿಯದೇ ಎಂಪಿ ಇರ್ಬೇಕು.

---

ಬ್ಯೂಡ್_ಬೆಳ್ಳಿಮೋಡ ಬರೆದಿದ್ದು:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಲೂ ವಿಷಯ ಓದಿ ನಮ್ಮನೆಯಲ್ಲಿ ಎಲ್ರಿಗೂ ಹೇಳಿದೆ. ಹಳೇಕಡತ ಸರ್ ಹೇಳಿದ್ದೂ ಸರಿ ಅನ್ಸತ್ತೆ, ಸವಿತಾ ಅಕ್ಕ ಹೇಳಿದ ಆ ಮೂರು ಕೌನ್ಸಿಲ್ ವಿಷಯ ಮಾತ್ರ ನನಗೆ ನಾಟಿತು, ನಮ್ಮ ಬೀದಿ ರಸ್ತೆ ವಿಚಾರಕ್ಕೇ ಎಷ್ಟು ಮೇಲ್ ಬರೀಬೇಕು ಅಂತ ನೋಡಿದ್ದೀನಿ. ಒಂದೇ ಒಂದು ಕೊನೇ ಪ್ರಶ್ನೆ: ಮುಂದಿನ ಸಲ ಯಾವಾಗ, ಮತ್ತೆ ನಮ್ಮಂಥೋರು ಹೇಳೋದನ್ನ ಅವರು ಕೇಳ್ತಾರಾ?

---

ನಕ್ಷೆಗಾರ ಬರೆದಿದ್ದು:

ಮುಂದಿನ ವರದಿ 2031ರ ಅಕ್ಟೋಬರ್ 1ರ ಒಳಗೆ ಬರ್ಬೇಕು, ಆಮೇಲೆ ಪ್ರತಿ ಎಂಟು ವರ್ಷಕ್ಕೊಂದು. ಕೆಲಸ ಅದಕ್ಕಿಂತ ವರ್ಷಗಳ ಮುಂಚೆನೇ ಶುರು ಆಗತ್ತೆ. ಹಿಂದಿನ ಸಲ 2021ರ ಜೂನ್‌ನಲ್ಲಿ ಮೊದಲ ನಕ್ಷೆ ಬಂತು, ಎಂಟು ವಾರ ಅಭಿಪ್ರಾಯ ತಗೊಂಡ್ರು, 2022ರಲ್ಲಿ ಎಲ್ಲರ ಅಭಿಪ್ರಾಯ ಪ್ರಕಟಿಸಿ ಆರು ವಾರ ಮತ್ತೆ ಅವಕಾಶ ಕೊಟ್ಟು ಸಾರ್ವಜನಿಕ ವಿಚಾರಣೆ ನಡೆಸಿದ್ರು, ಆ ನವೆಂಬರ್‌ನಲ್ಲಿ ತಿದ್ದಿದ ನಕ್ಷೆ ಹಾಕಿ ನಾಲ್ಕು ವಾರ, ಕೊನೆಗೆ 2023ರ ಜೂನ್‌ನಲ್ಲಿ ಅಂತಿಮ ವರದಿ. ಯಾರು ಬೇಕಾದ್ರೂ ಬರೀಬಹುದು, ಖಂಡಿತ ಓದ್ತಾರೆ. ಆದ್ರೆ "ನಮಗೆ ಇಷ್ಟ ಇಲ್ಲ" ಅಂತ ಮಾತ್ರ ಬರೆದ್ರೆ ಉಪಯೋಗ ಕಮ್ಮಿ. ಯಾವ ವಾರ್ಡು ಎಲ್ಲಿಗೆ ಹೋದ್ರೆ ಸಂಖ್ಯೆ ಮಿತಿಯೊಳಗೆ ಬರತ್ತೆ, ಊರೂರ ನಂಟು ಹೇಗೆ ಉಳಿಯತ್ತೆ ಅಂತ ಬದಲಿ ನಕ್ಷೆ ಕೊಟ್ಟವರ ಮಾತಿಗೆ ತೂಕ ಜಾಸ್ತಿ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ, ಇದು ದೊಡ್ಡದು. ಮುಂಚೆ ಪಾರ್ಲಿಮೆಂಟಿನ ಎರಡೂ ಸದನ ಒಪ್ಪಿದ್ರೆ ಮಾತ್ರ ಜಾರಿ ಆಗ್ತಿತ್ತು, 2018ರ ನಕ್ಷೆ ಮೂಲೆ ಸೇರಿದ್ದು ಅದಕ್ಕೇ. 2020ರ ಕಾನೂನು ಅದನ್ನ ತೆಗೆದುಹಾಕ್ತು, ಈಗ ಅಂತಿಮ ವರದಿ ಬಂತು ಅಂದ್ರೆ ಎಂಪಿಗಳ ಮತ ಇಲ್ಲದೆ ನೇರವಾಗಿ ಆದೇಶ ಆಗತ್ತೆ. ಸರ್ಕಾರ ಬಿದ್ದೋ ಜಗಳ ಆಗಿಯೋ ನಕ್ಷೆ ನಿಲ್ಲೋ ಕಾಲ ಹೋಯ್ತು. ಹಾಗಾಗಿ ವಿನಾಯಿತಿ ಬೇಕು ಅಂದ್ರೆ ಮುಂದಿನ ಪರಿಷ್ಕರಣೆ ಶುರು ಆಗೋ ಮುಂಚೆನೇ ಕಾನೂನು ತಿದ್ದಿಸ್ಬೇಕು, ಕಮಿಷನ್ ಮುಂದೆ ಹೋಗಿ ಕೇಳಿದ್ರೆ ಅವರ ಕೈಲಿ ಅದಿಲ್ಲ.

ಇನ್ನೊಂದು, ಲೆಕ್ಕಕ್ಕೆ ತಗೊಳ್ಳೋದು ಜನಸಂಖ್ಯೆನಲ್ಲ, ಪಟ್ಟಿಯಲ್ಲಿ ಹೆಸರಿರೋ ಮತದಾರರನ್ನ. ಎರಡು ಕಡೆ ಮನೆ ಇರೋರು ಎರಡೂ ಕಡೆ ಹೆಸರು ಸೇರಿಸಬಹುದು, ಪಾರ್ಲಿಮೆಂಟ್ ವೋಟ್ ಮಾತ್ರ ಒಂದೇ ಕಡೆ, ಆದ್ರೂ ಎಣಿಕೆಯಲ್ಲಿ ಎರಡೂ ಕಡೆ ಬರ್ತಾರೆ. ಅದೇ ಇಲ್ಲೇ ವರ್ಷಪೂರ್ತಿ ದುಡಿಯೋರು, ಬಾಡಿಗೆ ಮನೆ ಬದಲಾಯಿಸ್ತಾ ಇರೋ ಹುಡುಗರು, ನಮ್ಮ ಥರ ಹೊರಗಿಂದ ಬಂದೋರು ಹೆಸರೇ ಸೇರಿಸಿರಲ್ಲ. ಕೌಂಟಿ ಆ ಗುಂಡಿಗೆ ಬೀಳತ್ತೋ ಇಲ್ವೋ ಅನ್ನೋದು ಕೆಲವು ಸಾವಿರ ಹೆಸರುಗಳ ಮೇಲೆ ನಿಲ್ಲಬಹುದು, ಆದ್ರಿಂದ ನಿಮ್ಮ ಮೊದಲ ಪೋಸ್ಟಲ್ಲಿ ಹೆಸರು ಸೇರಿಸಿ ಅಂತ ಬರೆದ್ರಲ್ಲ, ಅದನ್ನ ಬ್ಯೂಡ್‌ನಲ್ಲಿ ನಿಮ್ಮ ಜೊತೆ ಕೆಲಸ ಮಾಡೋರಿಗೂ ಹೇಳಿ. ಕೌನ್ಸಿಲ್‌ನಿಂದ ಪ್ರತಿ ವರ್ಷ ಮನೆಗೆ ಒಂದು ಪತ್ರನೋ ಮೇಲೋ ಬರತ್ತೆ, ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿ, ಅದಕ್ಕೆ ಉತ್ತರ ಕೊಟ್ರೆ ಸಾಲದು, ಹೊಸಬರು ಒಬ್ಬೊಬ್ಬರೂ ಆನ್‌ಲೈನ್‌ನಲ್ಲಿ ತಾವೇ ಅರ್ಜಿ ಹಾಕ್ಬೇಕು.