ಸಿಎಸ್ಸೋ, ಐಎಸ್ಸೋ: ಆಪ್ಷನ್ ಎಂಟ್ರಿಗೆ ಮುನ್ನ ಒಂದು ಪ್ರಶ್ನೆ

ಪ್ರಶ್ನೆ (ರಾಜಾಜಿನಗರದ ಒಬ್ಬ ತಂದೆ)

ನನ್ನ ಮಗಳು ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಿಇಟಿ ರ‍್ಯಾಂಕ್ ಬಂದಿದೆ. ಇನ್ನೇನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು, ಆರಂಭವಾಗಲಿದೆ. ಹಿಂದಿನ ವರ್ಷಗಳ ಕಟ್‌ಆಫ್ ನೋಡಿದರೆ, ಪಾಠ ಚೆನ್ನಾಗಿ ನಡೆಯುತ್ತದೆಂದು ಹೆಸರಿರುವ ಹತ್ತಿರದ ಕಾಲೇಜಿನಲ್ಲಿ ಅವಳಿಗೆ ಇನ್ಫರ್ಮೇಷನ್ ಸೈನ್ಸ್ ಸಿಗಬಹುದು. ಕಂಪ್ಯೂಟರ್ ಸೈನ್ಸೇ ಬೇಕೆಂದರೆ ಊರಾಚೆಯ, ನಮಗೆ ಪರಿಚಯವಿಲ್ಲದ ಕಾಲೇಜಿಗೆ ಹೋಗಬೇಕಾಗುತ್ತದೆ. ಚೆನ್ನೈನಲ್ಲಿರುವ ನನ್ನ ಭಾವಮೈದುನ ‘ಐಟಿ ಬೇಡ, ಸಿಎಸ್ಸೇ ಕೊಡಿಸಿ’ ಎನ್ನುತ್ತಾರೆ. ಇದರ ಮೇಲೆ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಯಂತ್ರ ಕಲಿಕೆ), ಡೇಟಾ ಸೈನ್ಸ್ ಎಂಬ ಹೊಸ ವಿಭಾಗಗಳೂ ಇವೆ. ನಾನು ಓದಿದ್ದು ಬಿ.ಕಾಂ.; ನಡೆಸುವುದು ದಿನಸಿ ಅಂಗಡಿ. ನಮ್ಮ ಉದ್ರಿ ಲೆಕ್ಕಕ್ಕೆ ಅವಳೇ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಾಳೆ. ಒಬ್ಬರೇ ಗಿರಾಕಿಯ ಹೆಸರನ್ನು ನಾನು ಎರಡು ಬಗೆಯಲ್ಲಿ ಬರೆದಿದ್ದರೂ ಅದು ಒಂದೇ ಖಾತೆಗೆ ಸೇರಿಸುತ್ತದೆ. ಇಂಥ ಹುಡುಗಿಗೆ ಯಾವುದು ಸರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಇನ್ಫರ್ಮೇಷನ್ ಸೈನ್ಸ್ ವಿಭಾಗದ ಅಧ್ಯಾಪಕಿ)

ತಮ್ಮ ಭಾವಮೈದುನ ಹೇಳುವ ಐಟಿ (ಇನ್ಫರ್ಮೇಷನ್ ಟೆಕ್ನಾಲಜಿ) ತಮಿಳುನಾಡಿನದು. ಅಲ್ಲಿನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಬಿ.ಇ., ಐಟಿಗೆ ಬಿ.ಟೆಕ್. ಎಂದು ಪದವಿಯ ಹೆಸರೇ ಬೇರೆ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಅಂದರೆ ವಿಟಿಯುದಲ್ಲಿ, ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಎರಡಕ್ಕೂ ಬಿ.ಇ. ಪದವಿಯೇ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ಸ್ ಎಂಬ ಬುನಾದಿ ವಿಷಯಗಳನ್ನು ಎರಡೂ ವಿಭಾಗದವರು ಓದುತ್ತಾರೆ.

ವ್ಯತ್ಯಾಸ ಕಾಣುವುದು ಮುಂದಿನ ಸೆಮಿಸ್ಟರುಗಳಲ್ಲಿ. 2018ರ ಸ್ಕೀಮಿನ (ಪಠ್ಯಕ್ರಮದ) ಆರನೆಯ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಕಂಪೈಲರ್ಸ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶದ ಪಾಠ) ಮತ್ತು ಗ್ರಾಫಿಕ್ಸ್ ಇದ್ದರೆ, ನಮ್ಮವರಿಗೆ ಫೈಲ್ ಸ್ಟ್ರಕ್ಚರ್ಸ್ ಮತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಇದ್ದವು. ಫೈಲ್ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿಯ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ), ವಿಭಾಗ ಇವುಗಳ ನಡುವೆ ಒಂದೊಂದು ನೆಟ್ಟಗೆರೆ ಹಾಕಿ ಡಿಸ್ಕಿನಲ್ಲಿ ಬರೆಸುತ್ತಿದ್ದೆವು. ಅನಂತರ ನಡುವಿನ ಒಂದು ದಾಖಲೆಯನ್ನು ಅಳಿಸಿ, ಉಳಿದ ಖಾಲಿ ಜಾಗಕ್ಕೆ ಏನಾಗಬೇಕೆಂದು ಕೇಳುತ್ತಿದ್ದೆವು. ಆ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ ಡೇಟಾಬೇಸಿನ ಒಳಗು ಅರ್ಥವಾಗುತ್ತದೆ. ಉದ್ರಿ ಖಾತೆ ಬರೆದ ಹುಡುಗಿಗೆ ಇದು ಅಪರಿಚಿತವೆನಿಸದು. ಕಂಪೈಲರ್ ಕಲಿಯುವ ಆಸೆಯಿದ್ದರೆ ಅದನ್ನು ಬೇರೆಯಾಗಿ ಓದಿಕೊಳ್ಳಬೇಕಾಗಬಹುದು. ಅದು ನಿಜವಾದ ಕೊರತೆಯೇ, ಮುಚ್ಚಿಡುವುದಿಲ್ಲ. ಎಂ.ಟೆಕ್.‌ಗೆಂದು ಬರೆಯುವ ಗೇಟ್ ಪರೀಕ್ಷೆಯಲ್ಲಂತೂ ‘ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಷನ್ ಟೆಕ್ನಾಲಜಿ’ ಎಂದು ಇಬ್ಬರಿಗೂ ಒಂದೇ ಪತ್ರಿಕೆ. ಅದರಲ್ಲಿ ಕಂಪೈಲರ್ಸ್ ಕೂಡ ಬರುತ್ತದೆ.

ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯಕ್ರಮ ಮಾಡಿಕೊಳ್ಳುವುದರಿಂದ ಆ ಕಾಲೇಜಿನ ಸ್ಕೀಮ್ ಪುಸ್ತಕವನ್ನೇ ತರಿಸಿ ಓದಿ. ಎಐ ವಿಭಾಗದ ವಿಷಯದಲ್ಲಿ ಇದು ಇನ್ನೂ ಮುಖ್ಯ. 2024ರಲ್ಲಿ ಗೇಟ್‌ಗೆ ಸೇರಿದ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಯಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜಿಬ್ರಾಗಳಿಗೆ ದೊಡ್ಡ ಪಾಲಿದೆ. ಆಪರೇಟಿಂಗ್ ಸಿಸ್ಟಮ್ ಇಲ್ಲ. ಗಣಿತ ಇಷ್ಟಪಡುವವರಿಗೆ ಅದು ಒಳ್ಳೆಯ ದಾರಿ. ಆದರೆ ಹೆಸರು ಹೊಸದೆಂಬ ಒಂದೇ ಕಾರಣಕ್ಕೆ ಸೇರಿದವರು ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಕಣ್ಣೀರಿಟ್ಟದ್ದನ್ನು ನಾನು ಕಂಡಿದ್ದೇನೆ.

ಉತ್ತರ (ಮಾರತಹಳ್ಳಿಯ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್)

ನನ್ನದು ಕಂಪ್ಯೂಟರ್ ಸೈನ್ಸ್ ಪದವಿ, ಆದರೆ ಕಾಲೇಜು ದುರ್ಬಲವಾಗಿತ್ತು. ಒಂದೇ ಸೆಮಿಸ್ಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠಕ್ಕೆ ಮೂವರು ಅಧ್ಯಾಪಕರು ಬದಲಾದರು. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿಯ ಪಾಠಗಳನ್ನು ರಾತ್ರಿ ಹೊತ್ತು ನೋಡಿ ಕಲಿತೆ. ಇಂದು ನಮ್ಮ ತಂಡಕ್ಕೆ ಸೇರುವವರನ್ನು ಸಂದರ್ಶಿಸುವಾಗ, ಪ್ರೋಗ್ರಾಂ ಏಕೆ ನಿಧಾನವಾಯಿತು, ಲಾಕ್ ಎಲ್ಲಿ ಸಿಕ್ಕಿಕೊಂಡಿತು ಎಂದು ಕೇಳುತ್ತೇನೆ. ವಿಭಾಗದ ಹೆಸರು ಕೇಳಿದ ನೆನಪಿಲ್ಲ. ಹತ್ತಿರದ ಒಳ್ಳೆಯ ಕಾಲೇಜಿದ್ದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವುದು ತಪ್ಪುತ್ತದೆ. ಆ ಮೂರು ಗಂಟೆ ಕಳೆದವನು ನಾನು, ಅದರ ಬೆಲೆ ನನಗೆ ಗೊತ್ತು.

ಉತ್ತರ (ಎಲೆಕ್ಟ್ರಾನಿಕ್ಸ್ ಪದವೀಧರೆ)

ಚಿಪ್, ಸರ್ಕ್ಯೂಟ್‌ಗಳಲ್ಲಿ ಆಸಕ್ತಿಯಿದ್ದರೆ ಮಾತ್ರ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ನೋಡಿ; ಸಾಫ್ಟ್‌ವೇರ್‌ಗೆಂದೇ ಹೋಗುವವರಿಗೆ ಅದು ಸುತ್ತುಬಳಸಿನ ದಾರಿ. ಇನ್ನೊಂದು ಮಾತು. ಸಿಗುವುದಿಲ್ಲವೆಂಬ ಭಯದಿಂದ ಇಷ್ಟದ ಕಾಲೇಜನ್ನು ಪಟ್ಟಿಯ ಕೆಳಗೆ ಹಾಕಬೇಡಿ. ರ‍್ಯಾಂಕಿಗೆ ಎಟುಕುವ ಆಯ್ಕೆಗಳಲ್ಲಿ ಅತ್ಯಂತ ಮೇಲಿರುವುದೇ ಹಂಚಿಕೆಯಾಗುತ್ತದೆ. ಅದರ ಕೆಳಗಿನವು ತಾವಾಗಿಯೇ ಬಿದ್ದುಹೋಗುತ್ತವೆ. ಅಣಕು ಹಂಚಿಕೆಯ (ನಿಜವಾದ ಹಂಚಿಕೆಗೆ ಮೊದಲು ಪರೀಕ್ಷಾರ್ಥ ತೋರಿಸುವ ಫಲಿತಾಂಶದ) ನಂತರವೂ ಕ್ರಮ ಬದಲಿಸಲು ಅವಕಾಶವಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಗಳು ಎರಡೂ ಕಾಲೇಜುಗಳ ಸ್ಕೀಮನ್ನು ಪ್ರಿಂಟ್ ತೆಗೆಸಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಒಂದೇ ಆಗಿರುವ ವಿಷಯಗಳಿಗೆ ಹಸಿರು ಗುರುತು ಹಾಕಿದಳು. ಮೊದಲ ಐದು ಸೆಮಿಸ್ಟರುಗಳಲ್ಲಿ ಹಸಿರೇ ಹೆಚ್ಚು. ಹತ್ತಿರದ ಕಾಲೇಜಿನಲ್ಲಿ ಕಂಪೈಲರ್ಸ್ ಐಚ್ಛಿಕ ವಿಷಯವಾಗಿರುವುದನ್ನು ಅವಳೇ ಪತ್ತೆಹಚ್ಚಿದಳು. ಆ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಅನ್ನು ಮೊದಲನೆಯದಾಗಿ, ಅಲ್ಲಿನದೇ ಇನ್ಫರ್ಮೇಷನ್ ಸೈನ್ಸ್ ಅನ್ನು ಎರಡನೆಯದಾಗಿ ಬರೆದಿದ್ದೇವೆ. ಊರಾಚೆಯ ಕಾಲೇಜು ಮೂರನೆಯದು.