ಹಾಸನಕ್ಕೆ ಮೂರು ದಿನ, ಹದಿನೈದರ ಮಗನ ಜೊತೆ: ₹7,000 ಸಾಕಾಗುತ್ತಾ?

ಬೆಣ್ಣೆನಗರಿ (ಪ್ರಶ್ನೆ)

ಅಕ್ಟೋಬರ್ 2 ಶುಕ್ರವಾರ ಬಂದಿದೆ. ಶುಕ್ರ, ಶನಿ, ಭಾನು ಮೂರು ದಿನ ಹಾಸನದಲ್ಲಿ ಉಳಿದು ಸುತ್ತಮುತ್ತ ನೋಡುವ ಯೋಚನೆ. ಹೊರಡೋದು ನಾನು ಮತ್ತು ಒಂಬತ್ತನೇ ಕ್ಲಾಸಿನ ಮಗ, ಇಬ್ಬರೇ. ದಾವಣಗೆರೆಯಿಂದ ಬರಬೇಕು, ಸ್ವಂತ ಗಾಡಿ ಇಲ್ಲ. ಎಲ್ಲ ಸೇರಿ ₹7,000 ದಾಟಬಾರದು. ಪಟ್ಟಿಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಸಕಲೇಶಪುರ, ಶೆಟ್ಟಿಹಳ್ಳಿ ಚರ್ಚು ಇವೆ, ಆಗೋದಾದರೆ ಚಿಕ್ಕಮಗಳೂರೂ ಸೇರಲಿ ಅಂತ. ಆದರೆ ‘ಬರೀ ದೇವಸ್ಥಾನ’ ಅಂದರೆ ಮಗನ ಮುಖ ಸಣ್ಣದಾಗುತ್ತೆ. ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ಬಿಡಲಿ?

ಹೇಮಾವತಿದಂಡೆ

ಮೇಡಂ, ಮೊದಲು ಚಿಕ್ಕಮಗಳೂರು ಬಿಡಿ. ಬೇಲೂರಿಂದ ಬರೀ 25 ಕಿ.ಮೀ., ಬಸ್ಸೂ ಬೇಕಾದಷ್ಟಿವೆ. ಆದರೆ ಜನ ಅಲ್ಲಿಗೆ ಹೋಗೋದು ಊರು ನೋಡೋಕಲ್ಲ, ಮುಳ್ಳಯ್ಯನಗಿರಿಗೆ. ಬೆಟ್ಟದ ಮೇಲಕ್ಕೆ ಜೀಪೋ ಟ್ಯಾಕ್ಸಿಯೋ ಮಾಡಲೇಬೇಕು. ಇಬ್ಬರಿಗೇ ಇಡೀ ಗಾಡಿ ಮಾಡಿದರೆ ನಿಮ್ಮ ಲೆಕ್ಕ ಅಲ್ಲೇ ಮುಗಿಯಿತು. ಮೇಲೆ ಮೂರು ದಿನದ ರಜೆ ಅಂದರೆ ಆ ರಸ್ತೆಯಲ್ಲಿ ಗಾಡಿ ಸಾಲು ಬೇರೆ.

ಶೆಟ್ಟಿಹಳ್ಳಿಯನ್ನೂ ಬಿಡಬಹುದು. ಅಕ್ಟೋಬರ್ ಶುರುವಿನಲ್ಲಿ ಗೊರೂರು ಹಿನ್ನೀರು ಸಾಮಾನ್ಯವಾಗಿ ತುಂಬಿರುತ್ತೆ, ಚರ್ಚಿನ ಒಳಗೆ ಕಾಲಿಡೋಕೆ ಆಗಲ್ಲ. ದಡದಲ್ಲಿ ನಿಂತು ನೋಡೋಕೆ ಚೆಂದವೇ. ಆದರೆ ಹೋಗಿಬರೋಕೆ ಆಟೊ ಮಾತಾಡಬೇಕು. ಆ ದುಡ್ಡು ಬೇರೆ ಕಡೆ ಹೆಚ್ಚು ಕೆಲಸಕ್ಕೆ ಬರುತ್ತೆ.

ಹಾಸನವನ್ನೇ ಠಾಣೆ ಮಾಡಿಕೊಂಡು ಎರಡು ರಾತ್ರಿ ಒಂದೇ ರೂಮಿನಲ್ಲಿ ಉಳಿಯಿರಿ. ದಿನಕ್ಕೊಂದು ಊರಿನಲ್ಲಿ ಲಾಡ್ಜ್ ಹುಡುಕೋದು, ಬ್ಯಾಗ್ ಹೊತ್ತು ತಿರುಗೋದು ಹುಡುಗರಿಗೆ ಎಲ್ಲಕ್ಕಿಂತ ಬೇಜಾರಿನ ಕೆಲಸ. ರೂಮು ಹೊಸ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಇನ್ನೂರು ರೂಪಾಯಿ ಕಮ್ಮಿ ಅಂತ ದೂರ ಹಿಡಿದರೆ ಬೆಳಿಗ್ಗೆ ಸಂಜೆ ಆಟೊಗೇ ಅಷ್ಟು ಹೋಗುತ್ತೆ.

ಬರುವಾಗ ದಾವಣಗೆರೆಯಿಂದ ಅರಸೀಕೆರೆಗೆ ರೈಲು, ಎರಡೂವರೆಯಿಂದ ಮೂರು ಗಂಟೆ. ಅಲ್ಲಿಂದ ಹಾಸನಕ್ಕೆ ಬಸ್ಸು, ಒಂದು ಗಂಟೆ ಚಿಲ್ಲರೆ. ರೈಲಿನ ಮುಂಗಡ ಬುಕ್ಕಿಂಗ್ ಈಗ 60 ದಿನ ಮುಂಚೆ ತೆಗೆಯುತ್ತೆ. ಅಕ್ಟೋಬರ್ 2ರ ಟಿಕೆಟ್ ಆಗಸ್ಟ್ 3ರ ಬೆಳಿಗ್ಗೆ 8ಕ್ಕೆ, ಭಾನುವಾರ ವಾಪಸ್ಸಿನದು ಆಗಸ್ಟ್ 5ಕ್ಕೆ. ವಾಪಸ್ಸಿನ ಟಿಕೆಟ್ಟನ್ನೇ ಹೆಚ್ಚು ಜಾಗ್ರತೆಯಿಂದ ನೋಡಿ, ರಜೆಯ ಕೊನೆಯ ದಿನದ ಸೀಟು ಬೇಗ ಖಾಲಿಯಾಗುತ್ತೆ. ಆನ್‌ಲೈನಲ್ಲಿ ತೆಗೆದ ವೇಟಿಂಗ್ ಟಿಕೆಟ್ ಚಾರ್ಟ್ ಆದಮೇಲೂ ವೇಟಿಂಗಲ್ಲೇ ಉಳಿದರೆ ತಾನಾಗಿ ರದ್ದಾಗುತ್ತೆ, ಅದನ್ನ ಹಿಡಿದು ಹತ್ತುವಂತಿಲ್ಲ.

ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಬಸ್ಸು, ವೇಗದೂತ ಎರಡೂ ಉಚಿತ. ರಾಜಹಂಸ, ಐರಾವತಕ್ಕೆ ಅನ್ವಯಿಸಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಮೂಲ ಪ್ರತಿಯೇ ಕೈಯಲ್ಲಿರಲಿ, ಮೊಬೈಲಿನ ಫೋಟೊ ತೋರಿಸಿ ವಾದಕ್ಕೆ ನಿಲ್ಲೋದು ಬೇಡ. ಮಗನಿಗೆ ಹನ್ನೆರಡು ದಾಟಿರೋದರಿಂದ ಪೂರ್ತಿ ಟಿಕೆಟ್.

ಬಳಪದಕಲ್ಲು

ಶುಕ್ರವಾರ ಹಳೇಬೀಡಿಗೆ ಹೋಗಬೇಡಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಅವತ್ತು ರಜೆ. ಬೇಲೂರು, ಹಳೇಬೀಡು ಎರಡನ್ನೂ ಶನಿವಾರಕ್ಕೆ ಇಡಿ, ಶುಕ್ರವಾರ ಊರು ಸೇರಿ, ಉಂಡು, ನಿದ್ದೆ ಮಾಡಿ, ಸಂಜೆ ಮಹಾರಾಜ ಪಾರ್ಕ್ ಕಡೆ ಒಂದು ಸುತ್ತು ಹಾಕಿ. ಮೊದಲ ದಿನವೇ ಓಡಾಡಿಸಿದರೆ ಎರಡನೇ ದಿನ ಹುಡುಗ ಏಳೋದೇ ಇಲ್ಲ. ಹಾಸನಾಂಬೆ ಗುಡಿಯ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ. ಹಾಗಾಗಿ ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಶನಿವಾರ ಏಳಕ್ಕೆಲ್ಲ ಬೇಲೂರು ಬಸ್ ಹತ್ತಿ. 38 ಕಿ.ಮೀ., ಒಂದು ಗಂಟೆ. ಮೊದಲು ಬೇಲೂರು ಅನ್ನೋದಕ್ಕೆ ಕಾರಣ ಎರಡು. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ. ಜೊತೆಗೆ ಪ್ರಾಕಾರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಬಿಸಿಲಿದ್ದರೆ ಹನ್ನೊಂದರ ಮೇಲೆ ಕಾಲು ಸುಡುತ್ತೆ. ಬ್ಯಾಗಿನಲ್ಲಿ ಒಂದೊಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇರಲಿ. ಕಾಲು ಸುಟ್ಟ ಹುಡುಗನಿಗೆ ಯಾವ ಶಿಲ್ಪವೂ ಕಣ್ಣಿಗೆ ಕಾಣಲ್ಲ.

ಈಗ ಮುಖ ಸಣ್ಣದಾಗುವ ವಿಷಯ. ‘ಬಾ, ನೋಡು, ಎಷ್ಟು ಚೆನ್ನಾಗಿದೆ’ ಅಂದರೆ ಆ ವಯಸ್ಸಿನವರು ಫೋನ್ ತೆಗೀತಾರೆ. ಹುಡುಕೋಕೆ ಏನಾದರೂ ಕೊಡಿ, ಫೋನನ್ನೂ ಅದಕ್ಕೇ ಬಳಸಲಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ಸೂರಿನ ಕೆಳಗಿನ ಮದನಿಕೆಯರಲ್ಲಿ ಕೆಲವರ ಪೀಠದಲ್ಲಿ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೀಗೆ ರುಜು ಹಾಕಿದ್ದಾರೆ. ಫೋನಿನಲ್ಲಿ ಜೂಮ್ ಮಾಡಿ ಹಳಗನ್ನಡ ಅಕ್ಷರಗಳನ್ನ ಹಿಡಿಯಲಿ, ಎಷ್ಟು ಅಕ್ಷರ ಗುರುತು ಸಿಗುತ್ತೆ ನೋಡಲಿ. ಒಳಗಿನ ಕಂಬಗಳ ಮೇಲೆ ಬಳೆ ಬಳೆಯಾಗಿ ಗೆರೆಗಳಿವೆ. ಚರಕಿಯಂಥ ಯಂತ್ರದಲ್ಲಿ ಕಲ್ಲನ್ನ ತಿರುಗಿಸಿ ಕಡೆದ ಗುರುತು ಅದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತೆ, ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಇದರಿಂದಲೇ. ಯಂತ್ರ, ವಿಜ್ಞಾನ ಅಂದರೆ ಇಷ್ಟಪಡುವ ಹುಡುಗನಾದರೆ ಇಲ್ಲೇ ಅರ್ಧ ಗಂಟೆ ನಿಲ್ಲುತ್ತಾನೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳೋಕೆ ನಾಲ್ಕೈದು ನಿಮಿಷ ಕೊಡಿ.

ಗೈಡ್ ಬೇಲೂರಿಗೊಂದೇ ಸಾಕು. ಅನುಮತಿ ಇರುವವರನ್ನೇ ಕರೆಯಿರಿ, ದರ ಮೊದಲೇ ಮಾತಾಡಿ, ಪಕ್ಕದ ಕುಟುಂಬ ಒಪ್ಪಿದರೆ ಹಂಚಿಕೊಳ್ಳಿ. ಹಳೇಬೀಡಿನಲ್ಲಿ ಮಗನೇ ನಿಮಗೆ ಹೇಳಲಿ. ಅಲ್ಲಿನ ಗೋಡೆಯ ಪಟ್ಟಿಗಳಿಗೆ ಒಂದು ಕ್ರಮ ಇದೆ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಇಷ್ಟು ಹೇಳಿಕೊಟ್ಟು, ಒಂದೇ ಥರದ ಎರಡು ಆನೆ ಹುಡುಕು ಅನ್ನಿ.

ಬೇಲೂರಿಂದ ಹಳೇಬೀಡು 16 ಕಿ.ಮೀ., ಅರ್ಧ ಗಂಟೆ. ಮಧ್ಯಾಹ್ನದ ಬಿಸಿಲಿಗೆ ಮ್ಯೂಸಿಯಂ, ಆಮೇಲೆ ಹೊಯ್ಸಳೇಶ್ವರ, ಕೊನೆಗೆ ನಡೆದುಕೊಂಡೇ ಬಸ್ತಿಹಳ್ಳಿಯ ಬಸದಿಗಳು. ಪಾರ್ಶ್ವನಾಥ ಬಸದಿಯ ನುಣುಪು ಕಂಬದಲ್ಲಿ ಮುಖ ಕಾಣುತ್ತೆ, ಅಲ್ಲಿಗೆ ಬರೋರೂ ಕಮ್ಮಿ. ವಾಪಸ್ ಬೇಲೂರಿಗೆ ಹೋಗಬೇಕಿಲ್ಲ, ಹಳೇಬೀಡಿಂದ ಹಾಸನಕ್ಕೆ ನೇರ ಬಸ್ ಇದೆ, 31 ಕಿ.ಮೀ. ಹಳೇಬೀಡಿನಲ್ಲಿ ಇಳಿದ ಕೂಡಲೇ ಸಂಜೆಯ ಬಸ್ಸಿನ ಸಮಯ ಸ್ಟ್ಯಾಂಡಿನಲ್ಲಿ ಕೇಳಿಟ್ಟುಕೊಳ್ಳಿ, ಕತ್ತಲಾದ ಮೇಲೆ ಬಸ್ಸು ವಿರಳ.

ಇದರ ಜೊತೆಗೆ ದೊಡ್ಡಗದ್ದವಳ್ಳಿ, ಮೊಸಳೆ ಊರುಗಳ ಗುಡಿ ಅಂತ ಯಾರಾದರೂ ಸೇರಿಸಿದರೆ ಒಪ್ಪಬೇಡಿ. ಅವು ಒಳ್ಳೆಯ ಗುಡಿಗಳೇ. ಆದರೆ ಒಂದೇ ದಿನ ನಾಲ್ಕನೇ ಹೊಯ್ಸಳ ಗುಡಿ ತೋರಿಸಿದರೆ ಮೊದಲ ಮೂರೂ ಅವನ ತಲೆಯಲ್ಲಿ ಕಲಸಿಹೋಗುತ್ತವೆ.

ಲೆಕ್ಕದಪುಸ್ತಕ

ದುಡ್ಡಿನ ವಿಷಯ ನಾನು ಹೇಳ್ತೀನಿ. ರೂಮಿಗೆ ರಾತ್ರಿಗೆ ₹1,500ರ ಮಿತಿ ಹಾಕಿಕೊಳ್ಳಿ, ಎರಡು ರಾತ್ರಿಗೆ ₹3,000. ₹7,500 ವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅಲ್ಲಿಗೆ ₹3,150. ಊಟ ತಿಂಡಿಗೆ ತಲೆಗೆ ದಿನಕ್ಕೆ ₹300 ಅಂದರೆ ₹1,800. ರೈಲು, ಬಸ್ಸಿಗೆ ₹800 ಎತ್ತಿಡಿ. ಗೈಡ್, ಆಟೊ, ಚಪ್ಪಲಿ ಕಾಯೋರು, ಮ್ಯೂಸಿಯಂ ಎಲ್ಲಕ್ಕೂ ₹600. ಒಟ್ಟು ₹6,350, ಕೈಯಲ್ಲಿ ₹650 ಉಳಿಯುತ್ತೆ. ಅದನ್ನ ಮುಟ್ಟದೆ ಬೇರೆ ಜೇಬಲ್ಲಿಡಿ, ರೈಲು ತಪ್ಪಿದರೆ ಬಸ್ಸಿಗೆ ಬೇಕಾಗುತ್ತೆ.

ಆ ₹600 ಮಗನ ಕೈಗೇ ಕೊಡಿ, ಲೆಕ್ಕ ಅವನೇ ಬರೆಯಲಿ. ಗೈಡ್ ಬೇಕೋ ಬೇಡವೋ ಅನ್ನೋದನ್ನೂ ಅವನೇ ತೀರ್ಮಾನಿಸಲಿ. ದುಡ್ಡು ತನ್ನ ಕೈಯಲ್ಲಿದ್ದಾಗ ಐಸ್‌ಕ್ರೀಮ್ ಕೇಳೋ ರೀತಿಯೇ ಬೇರೆ.

ರೂಮು ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ. ಎರಡು ಬೇರೆ ಬೇರೆ ಮಂಚ ಇದೆಯಾ (ಹದಿನೈದರ ಹುಡುಗನಿಗೆ ಇದು ಮುಖ್ಯ), ಹೇಳಿದ ದರದಲ್ಲಿ ತೆರಿಗೆ ಸೇರಿದೆಯಾ, ಚೆಕ್‌ಔಟ್ 24 ಗಂಟೆಯದೋ ಮಧ್ಯಾಹ್ನ 12ರದೋ. ಮಗನ ಆಧಾರೂ ತನ್ನಿ.

ಬೆಣ್ಣೆನಗರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಮಗಳೂರು, ಶೆಟ್ಟಿಹಳ್ಳಿ ಎರಡೂ ಬಿಟ್ಟೆ. ಭಾನುವಾರಕ್ಕೆ ಶ್ರವಣಬೆಳಗೊಳವಾ, ಸಕಲೇಶಪುರದ ಮಂಜರಾಬಾದ್ ಕೋಟೆಯಾ? ಸಂಜೆ ಅರಸೀಕೆರೆಯಲ್ಲಿ ರೈಲು ಹಿಡಿಯಬೇಕು.

ಹೇಮಾವತಿದಂಡೆ

ಕೋಟೆ ಹುಡುಗರಿಗೆ ಹಿಡಿಸುತ್ತೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಅದು. ಆದರೆ ನಕ್ಷತ್ರದ ಆಕಾರ ಪೂರ್ತಿ ಕಾಣೋದು ಮೇಲಿನಿಂದ ತೆಗೆದ ಚಿತ್ರದಲ್ಲಿ ಮಾತ್ರ. ಮಳೆ ಇನ್ನೂ ಬಿಟ್ಟಿರದಿದ್ದರೆ ಮೆಟ್ಟಿಲು ಜಾರುತ್ತೆ, ಜಿಗಣೆಯೂ ಇರುತ್ತೆ. ನನ್ನ ಮತ ಶ್ರವಣಬೆಳಗೊಳಕ್ಕೆ. ಅದು ಹುಡುಗರಿಗೆ ದೇವಸ್ಥಾನ ಅನ್ನಿಸಲ್ಲ, ಬಂಡೆ ಹತ್ತಿದ ಹಾಗೆ.

ಹಾಸನದಿಂದ ಆರು ಗಂಟೆಗೆ ಹೊರಡಿ. ನೇರ ಬಸ್ಸಿಗೆ ಕಾಯಬೇಡಿ, ಚನ್ನರಾಯಪಟ್ಟಣಕ್ಕೆ (37 ಕಿ.ಮೀ.) ಹೋಗಿ ಅಲ್ಲಿ ಬದಲಿಸಿ, ಮುಂದೆ 13 ಕಿ.ಮೀ. ಎಂಟರ ಸುಮಾರಿಗೆ ಬೆಟ್ಟದ ಬುಡದಲ್ಲಿರುತ್ತೀರಿ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಹತ್ತುವಾಗ ಕಾಲುಚೀಲ ಹಾಕಬಹುದು, ಆದರೆ ಇಳಿಯುವಾಗ ಬಂಡೆ ಬಿಸಿಯಾಗಿರದಿದ್ದರೆ ತೆಗೆದುಬಿಡಿ, ಸವೆದ ಮೆಟ್ಟಿಲ ಮೇಲೆ ಬಟ್ಟೆ ಜಾರುತ್ತೆ. ತಲೆಗೊಂದು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ತಿಂಡಿ ಹತ್ತುವ ಮುಂಚೆ ಅರ್ಧ ಹೊಟ್ಟೆ, ಇಳಿದ ಮೇಲೆ ಪೂರ್ತಿ. 981ರ ಹೊತ್ತಿಗೆ ಚಾವುಂಡರಾಯ ಕೆತ್ತಿಸಿದ ಗೊಮ್ಮಟನ ಕಾಲ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳಿವೆ, ಮಗನಿಗೆ ತೋರಿಸಿ.

ಹತ್ತೂವರೆಗೆ ಇಳಿದರೆ ಮಧ್ಯಾಹ್ನ ಒಂದರ ಒಳಗೆ ಹಾಸನ. ಚೆಕ್‌ಔಟ್ 12ಕ್ಕೆ ಆದರೆ ಬೆಳಿಗ್ಗೆ ಹೊರಡುವಾಗಲೇ ರೂಮು ಖಾಲಿ ಮಾಡಿ, ಬ್ಯಾಗ್ ರಿಸೆಪ್ಷನ್ನಿನಲ್ಲಿ ಬಿಟ್ಟು ಹೋಗಿ. ಊಟ ಮುಗಿಸಿ ಎರಡೂವರೆಗೆ ಅರಸೀಕೆರೆ ಬಸ್ ಹತ್ತಿದರೆ ಐದರ ಮೇಲಿನ ಯಾವ ರೈಲಾದರೂ ಸಿಗುತ್ತೆ. ಅದಕ್ಕಿಂತ ಮುಂಚಿನ ರೈಲಿಗೆ ಬುಕ್ ಮಾಡಬೇಡಿ, ಚನ್ನರಾಯಪಟ್ಟಣದಲ್ಲಿ ಒಂದು ಬಸ್ ತಪ್ಪಿದರೂ ಇಡೀ ಮಧ್ಯಾಹ್ನ ಓಡಬೇಕಾಗುತ್ತೆ.